ಉಣಿಸಿದವನಿಗೆ ದಂಡ, ಮಾರಿದವನಿಗೆ ಜೈಲು

ಚುನಾವಣೆ ಹತ್ತಿರವಾದಂತೆ ಊರೂರಲ್ಲಿ ಬಾರು, ವೈನ್ ಶಾಪುಗಳ ಷಟರು ಇಳಿಯುವುದನ್ನು ಕರ್ನಾಟಕದ ಜನ ಈಗ ಸಹಜವೆಂದೇ ಒಪ್ಪಿಕೊಂಡಿದ್ದಾರೆ. 2024ರ ಲೋಕಸಭಾ ಚುನಾವಣೆಯ ಏಪ್ರಿಲ್ 26ರ ಮತದಾನಕ್ಕೆ 24ರ ಸಂಜೆಯಿಂದಲೇ ಮಾರಾಟ ಬಂದ್. ಕುಡಿಯುವವರು ಅಂದು ಮಧ್ಯಾಹ್ನವೇ ಸಾಲು ನಿಂತು ಎರಡು ದಿನಕ್ಕಾಗುವಷ್ಟು ಕೊಂಡು ಮನೆಗೊಯ್ಯುತ್ತಾರೆ. ಕುಡಿಯದವರಿಗೆ ಅದು ತಲೆಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಹೀಗೆ ಯಾರೂ ತಲೆಕೆಡಿಸಿಕೊಳ್ಳದ ಕಾನೂನನ್ನೇ ಒಮ್ಮೆ ನಿಧಾನವಾಗಿ ಓದಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 135ಸಿ ಹೇಳುವುದಿಷ್ಟು: ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳ ಕಾಲ, ಮತದಾನ ನಡೆಯುವ ಪ್ರದೇಶದ ಹೋಟೆಲು, ಅಂಗಡಿ ಅಥವಾ ಸಾರ್ವಜನಿಕವಾಗಲಿ ಖಾಸಗಿಯಾಗಲಿ ಬೇರಾವುದೇ ಜಾಗದಲ್ಲಿ ಮದ್ಯವನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಹಂಚುವಂತಿಲ್ಲ. ಖಾಸಗಿ ಜಾಗ, ಕೊಡುವುದು ಎಂಬೆರಡನ್ನು ಕೂಡಿಸಿ ಓದಿದರೆ, ಪರವೂರಿಂದ ಬಂದ ಭಾವನಿಗೆ ಮನೆಯ ಜಗಲಿಯಲ್ಲಿ ಒಂದು ಲೋಟ ಬಿಯರು ಸುರಿದು ಕೊಟ್ಟವನೂ ಕಾನೂನಿನ ಕಣ್ಣಲ್ಲಿ ಅಪರಾಧಿ. ಆ ಭಾವನಿಗೆ ಈ ಕ್ಷೇತ್ರದಲ್ಲಿ ಓಟೇ ಇಲ್ಲದಿದ್ದರೂ ಸರಿ, ಕೊಟ್ಟವನು ಯಾವ ಪಕ್ಷದ ನೆರಳನ್ನೂ ಸೋಕದವನಾದರೂ ಸರಿ. ಶಿಕ್ಷೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೆಂಡ ಕುಡಿಸಿ ಓಟು ಕೊಳ್ಳುವ ಚಾಳಿ ಹೊಸದಲ್ಲ, ನಮ್ಮದು ಮಾತ್ರವೂ ಅಲ್ಲ. ಅದರ ವಿರುದ್ಧದ ಕಾನೂನಿಗೂ ಮುನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಆ ಚರಿತ್ರೆಯನ್ನು ಹಿಡಿದು ನಡೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಭ್ಯರ್ಥಿಯ ಕೈ ಕಟ್ಟಲೆಂದು ಹುಟ್ಟಿದ ನಿಯಮ ಬರಬರುತ್ತಾ ಅಭ್ಯರ್ಥಿಯ ಕೈ ಬಿಟ್ಟು ಸಾಮಾನ್ಯ ನಾಗರಿಕನ ಕೈ ಕಟ್ಟತೊಡಗಿದೆ. ಚುನಾವಣೆ ನಡೆಸುವುದು ಆಳುವವರನ್ನು ಪ್ರಜೆಗಳು ಅಳೆದು ನೋಡಲಿ ಎಂದು. ಆ ದಿನಗಳಲ್ಲೇ ಪ್ರಜೆಯ ಜೇಬು, ಚೀಲ, ಲೋಟಗಳನ್ನು ಸರ್ಕಾರ ತಪಾಸಣೆ ಮಾಡುತ್ತಿದೆ ಎಂದರೆ ಲೆಕ್ಕ ಎಲ್ಲೋ ತಲೆಕೆಳಗಾಗಿದೆ.

ಇಂಗ್ಲೆಂಡಿನಿಂದ ಶುರುಮಾಡುವುದು ವಾಸಿ, ಏಕೆಂದರೆ ನಮ್ಮ ಚುನಾವಣಾ ಕಾನೂನಿನ ಬೇರು ಅಲ್ಲಿದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚುನಾವಣೆಯೆಂದರೆ ವಾರಗಟ್ಟಲೆ ನಡೆಯುವ ಬಾಡೂಟ. 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯನ್ನು ಕಂಡು ವಿಲಿಯಂ ಹೋಗಾರ್ತ್ ಬರೆದ ನಾಲ್ಕು ವರ್ಣಚಿತ್ರಗಳಲ್ಲಿ ಮೊದಲನೆಯದೇ ಅಭ್ಯರ್ಥಿಗಳು ಛತ್ರದಲ್ಲಿ ಕೊಡಿಸುತ್ತಿರುವ ಔತಣದ್ದು. ಇದನ್ನು ತಡೆಯುವ ಕಾನೂನು 1696ರಲ್ಲೇ ಬಂದಿತ್ತು, ಆದರೆ ಯಾರೂ ಲೆಕ್ಕಕ್ಕಿಡಲಿಲ್ಲ. 1854ರ ಕಾಯ್ದೆ ಊಟ, ಕುಡಿತ, ಮೋಜುಗಳನ್ನು ಒದಗಿಸಿ ಓಟು ಗಿಟ್ಟಿಸುವುದೆಂದರೇನು ಎಂದು ಬಿಡಿಸಿ ಹೇಳಿತು. 1872ರಲ್ಲಿ ಗುಪ್ತ ಮತದಾನ ಬಂತು. 1883ರ ಕಾಯ್ದೆ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿ, ಉಣಿಸಿ ಕುಡಿಸಿದವನನ್ನು ಜೈಲಿಗೆ ಕಳಿಸುವ, ಗೆದ್ದ ಕುರ್ಚಿಯನ್ನೂ ಕಿತ್ತುಕೊಳ್ಳುವ ವ್ಯವಸ್ಥೆ ಮಾಡಿತು. ಅದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಭ್ಯರ್ಥಿ ತನ್ನ ಚುನಾವಣಾ ಕಚೇರಿಯನ್ನು ಮದ್ಯ ಮಾರುವ ಜಾಗದಲ್ಲಿ ತೆರೆಯಕೂಡದು ಎಂದಿತು ಆ ಕಾಯ್ದೆ. ಹೆಂಡದಂಗಡಿ ಬಾಗಿಲು ಮುಚ್ಚಬೇಕು ಎನ್ನಲಿಲ್ಲ. ಅಭ್ಯರ್ಥಿ ಅಂಗಡಿಯಿಂದ ದೂರವಿರಲಿ, ಅಂಗಡಿ ತನ್ನ ಪಾಡಿಗೆ ತಾನು ನಡೆಯಲಿ ಎಂಬ ಈ ವಿವೇಕ ಫಲ ಕೊಟ್ಟಿತು. 1880ರ ಚುನಾವಣೆಯಲ್ಲಿ ಅಭ್ಯರ್ಥಿಗಳು ತೋರಿಸಿದ ಒಟ್ಟು ಖರ್ಚು ಸುಮಾರು 17 ಲಕ್ಷ ಪೌಂಡು. ಮತದಾರರ ಸಂಖ್ಯೆ ಬಹಳ ಹೆಚ್ಚಿದ್ದ 1885ರಲ್ಲಿ ಅದು 10 ಲಕ್ಷದ ಆಸುಪಾಸಿಗೆ ಇಳಿಯಿತು. ಇಂದಿಗೂ ಬ್ರಿಟನ್ನಿನಲ್ಲಿ ಮತದಾನದ ದಿನ ಪಬ್ಬುಗಳು ತೆರೆದಿರುತ್ತವೆ. ಕೆಲವು ಊರುಗಳಲ್ಲಿ ಪಬ್ಬೇ ಮತಗಟ್ಟೆ.

ಅಮೆರಿಕ ಇನ್ನೊಂದು ದಾರಿ ಹಿಡಿದಿತ್ತು. ಸಲೂನುಗಳೇ ರಾಜಕೀಯದ ಅಡ್ಡೆಗಳಾಗಿದ್ದ ಕಾಲದಲ್ಲಿ ಅಲ್ಲಿನ ಹಲವು ರಾಜ್ಯಗಳು ಮತದಾನದ ದಿನ ಮದ್ಯ ಮಾರಾಟವನ್ನೇ ನಿಷೇಧಿಸಿದವು. ಆಮೇಲೆ ಒಂದೊಂದಾಗಿ ತೆಗೆದುಹಾಕಿದವು. ಕೆಂಟಕಿ 2013ರಲ್ಲಿ, ಸೌತ್ ಕ್ಯಾರೊಲಿನಾ 2014ರಲ್ಲಿ ಕೈಬಿಟ್ಟವು. ಅದರಿಂದ ಅಲ್ಲಿನ ಓಟುಗಳು ಬಾಟಲಿಗೆ ಮಾರಾಟವಾಗತೊಡಗಿದವೆಂದು ಯಾರೂ ದೂರಿಲ್ಲ.

ನಮ್ಮಲ್ಲಿ ಮೊದಲು ಬಂದದ್ದು ಇಂಗ್ಲೆಂಡಿನ ಮಾದರಿಯೇ. ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಚುನಾವಣೆಗಳಿಗೆ ಮುನ್ನ, 1920ರಲ್ಲಿ, ಭಾರತೀಯ ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯವೊಂದನ್ನು ಸೇರಿಸಲಾಯಿತು. ಓಟಿಗಾಗಿ ಲಂಚ ಕೊಟ್ಟರೆ, ತೆಗೆದುಕೊಂಡರೆ ಒಂದು ವರ್ಷದವರೆಗೆ ಸೆರೆ ಎಂದಿತು ಅದರ ಸೆಕ್ಷನ್ 171ಇ. ಆದರೆ ಅಲ್ಲೇ ಒಂದು ರಿಯಾಯಿತಿಯೂ ಇತ್ತು: ಲಂಚ ಊಟ, ಕುಡಿತ, ಮೋಜಿನ ರೂಪದಲ್ಲಿದ್ದರೆ ಶಿಕ್ಷೆ ದಂಡ ಮಾತ್ರ. ಸ್ವತಂತ್ರ ಭಾರತ ಈ ರಿಯಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು. ಜೊತೆಗೆ 1951ರ ಕಾಯ್ದೆಯ ಸೆಕ್ಷನ್ 123ರಲ್ಲಿ ಲಂಚವನ್ನು ಚುನಾವಣೆಯನ್ನೇ ರದ್ದು ಮಾಡಬಲ್ಲ ಭ್ರಷ್ಟ ಆಚರಣೆ ಎಂದಿತು. ಆಮೇಲೆ ಬಂದ ಮಾದರಿ ನೀತಿ ಸಂಹಿತೆಯೂ ಪಕ್ಷಗಳನ್ನೇ ಉದ್ದೇಶಿಸಿದ್ದು. 1960ರ ಕೇರಳ ವಿಧಾನಸಭಾ ಚುನಾವಣೆಯ ವೇಳೆ ಪಕ್ಷಗಳು ತಾವೇ ಒಪ್ಪಿ ನಡೆಯಬೇಕಾದ ಕಟ್ಟುಪಾಡಾಗಿ ಅದು ಹುಟ್ಟಿತು. ಪಕ್ಷಗಳೂ ಅಭ್ಯರ್ಥಿಗಳೂ ಮದ್ಯ ಹಂಚಬಾರದೆಂಬ ಮಾತು ಇಂದಿಗೂ ಅದರಲ್ಲಿದೆ. ಈ ಮೂರರಲ್ಲೂ ಬೆರಳು ತೋರಿಸಿದ್ದು ಓಟು ಬೇಡುವವನ ಕಡೆಗೆ ಅಥವಾ ಲಂಚದ ವ್ಯವಹಾರದಲ್ಲಿ ಕೈಯಿಟ್ಟವನ ಕಡೆಗೆ. ತನ್ನ ದುಡ್ಡಿನಲ್ಲಿ ತಾನು ಕುಡಿಯುವವನ ಗೋಜಿಗೆ ಇವು ಹೋಗಿರಲಿಲ್ಲ. ಹಾಗೆಂದು ಆಗ ಅಂಗಡಿಗಳು ಎಂದೂ ಮುಚ್ಚುತ್ತಿರಲಿಲ್ಲವೆಂದಲ್ಲ. ಶಾಂತಿ ಕದಡುವ ಭೀತಿಯಿದ್ದರೆ ಮುಚ್ಚಿಸುವ ಅಧಿಕಾರ ಅಬಕಾರಿ ಕಾನೂನಿನಡಿ ಜಿಲ್ಲಾಡಳಿತಕ್ಕೆ ಇತ್ತು. ಆ ಅಧಿಕಾರ ಬಳಸುವವನು ಕಾರಣ ಕೊಡಬೇಕಿತ್ತು. ಇಡೀ ದೇಶಕ್ಕೆ ಒಂದೇ ಏಟಿಗೆ, ಕಾರಣವೇ ಬೇಕಿಲ್ಲದಂತೆ ಅನ್ವಯಿಸುವ ನಿಷೇಧ ಬಂದದ್ದು ಮುಂದೆ.

ಅದು ಹೇಗೆ ಬಂತೆಂದು ತಿಳಿಯಲು 1974 ಮತ್ತು 1996ನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1971ರ ಲೋಕಸಭಾ ಚುನಾವಣೆಯಲ್ಲಿ ದೆಹಲಿ ಸದರ್ ಕ್ಷೇತ್ರದಿಂದ ಗೆದ್ದ ಅಮರನಾಥ ಚಾವ್ಲಾ ಅವರ ಆಯ್ಕೆಯನ್ನು ಸೋತ ಕನ್ವರ್‌ಲಾಲ್ ಗುಪ್ತಾ ಪ್ರಶ್ನಿಸಿದ್ದರು. 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಯ ಗೆಲುವಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಹಾಕಬೇಕೆಂದು ತೀರ್ಪಿತ್ತು ಆಯ್ಕೆಯನ್ನು ಅಸಿಂಧುಗೊಳಿಸಿತು. ಖರ್ಚಿನ ಮಿತಿಗೆ ಮೊದಲ ಬಾರಿ ಹಲ್ಲು ಬಂದಿತ್ತು. ಅದೇ ತಿಂಗಳು ಮುಗಿಯುವುದರೊಳಗೆ ಸುಗ್ರೀವಾಜ್ಞೆ ಹೊರಟಿತು. ವರ್ಷ ಕಳೆಯುವ ಮುನ್ನ ಅದಕ್ಕೆ ಸಂಸತ್ತಿನ ಮುದ್ರೆಯೂ ಬಿತ್ತು. ಪಕ್ಷವಾಗಲಿ ಗೆಳೆಯರಾಗಲಿ ಮಾಡಿದ ಖರ್ಚು ಅಭ್ಯರ್ಥಿಯದಲ್ಲ ಎಂದು 1951ರ ಕಾಯ್ದೆಯ ಸೆಕ್ಷನ್ 77ಕ್ಕೆ ವಿವರಣೆ ಅಂಟಿಸಿ, ಬಂದ ಹಲ್ಲನ್ನು ಕಿತ್ತರು. 2003ರ ತಿದ್ದುಪಡಿ ಆ ಬಾಗಿಲನ್ನು ಸ್ವಲ್ಪ ಕಿರಿದಾಗಿಸಿದ್ದು ನಿಜ. ಆದರೂ ಇಂದು ಕರ್ನಾಟಕದ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ, ಲೋಕಸಭಾ ಅಭ್ಯರ್ಥಿಗೆ 95 ಲಕ್ಷದ ಮಿತಿಯಿದ್ದರೆ ಅವನ ಪಕ್ಷಕ್ಕೆ ಮಿತಿಯೇ ಇಲ್ಲ.

ಇನ್ನು 1996. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಚುನಾವಣಾ ಸುಧಾರಣೆಯ ಹೆಸರಿನಲ್ಲಿ ತಿದ್ದುಪಡಿ ಕಾಯ್ದೆ ಬಂತು. 135ಸಿ ಹುಟ್ಟಿದ್ದು ಅದರಲ್ಲಿ. ಅದೇ ಕಾಯ್ದೆಯ ಉಳಿದ ಭಾಗಗಳೂ ಅದರ ಮನೋಭಾವವನ್ನು ತೋರಿಸುತ್ತವೆ. ಲೋಕಸಭೆಗೆ ನಿಲ್ಲುವವರ ಠೇವಣಿ 500ರಿಂದ 10,000 ರೂಪಾಯಿಗೆ ಏರಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಸ್ವತಂತ್ರನಿಗೆ ಹತ್ತು ಮಂದಿ ಬೇಕೆಂದಾಯಿತು. ಹಿನ್ನೆಲೆಯಲ್ಲಿ ಅದೇ ವರ್ಷದ ಬೆಳಗಾವಿಯಿತ್ತು: ಗಡಿ ವಿವಾದದ ಪ್ರತಿಭಟನೆಗಾಗಿ ಲೋಕಸಭಾ ಕಣಕ್ಕಿಳಿದವರು ಸೇರಿ ಅಲ್ಲಿ 456 ಅಭ್ಯರ್ಥಿಗಳಿದ್ದರು, ನಲ್ಗೊಂಡದಲ್ಲಿ 480. ಅಷ್ಟು ಹೆಸರಿನ ಮತಪತ್ರ ಅಚ್ಚು ಹಾಕಿಸುವ ಅಧಿಕಾರಿಗಳ ಪಾಡು ಸುಲಭದ್ದಲ್ಲ, ಒಪ್ಪೋಣ. ಆದರೆ ಮತಪತ್ರವನ್ನೇ ಪ್ರತಿಭಟನೆಯ ಹಾಳೆಯಾಗಿ ಬಳಸಿದ ನಾಗರಿಕರಿಗೆ ಸಂಸತ್ತು ಕೊಟ್ಟ ಉತ್ತರ ಶುಲ್ಕ ಹೆಚ್ಚಳ. ಕಾನೂನು ತಮ್ಮ ಬುಡಕ್ಕೆ ಬಂದಾಗ ಕೆಲವೇ ವಾರಗಳಲ್ಲಿ ತಿದ್ದಿಕೊಂಡವರು ನಾಗರಿಕನ ಬುಡಕ್ಕೆ ಬಂದಾಗ ಅದನ್ನು ಸುಧಾರಣೆ ಎಂದು ಕರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಶಾಸನಗಳ ಪುಸ್ತಕದಲ್ಲಿ ಸಿಗುವುದು ಕಷ್ಟ.

ನಿಷೇಧಕ್ಕೆ ಒಮ್ಮೆ ಜಾಗ ಕೊಟ್ಟರೆ ಅದು ಹಬ್ಬುತ್ತದೆ. 135ಸಿ ಮತದಾನದ ಅವಧಿಯನ್ನು ಮಾತ್ರ ಹೇಳುತ್ತದೆ. ಆದರೆ ಮತ ಎಣಿಕೆಯ ದಿನವೂ ಚುನಾವಣಾ ಆಯೋಗದ ಸೂಚನೆಯಂತೆ ರಾಜ್ಯದ ಅಬಕಾರಿ ಕಾನೂನು ಬಳಸಿ ಅಂಗಡಿ ಮುಚ್ಚಿಸುತ್ತಾರೆ. ಅಂದು ಓಟುಗಳೆಲ್ಲ ಯಂತ್ರದೊಳಗೆ ಸೇರಿ ದಿನಗಳೇ, ಕೆಲವೊಮ್ಮೆ ವಾರಗಳೇ ಕಳೆದಿರುತ್ತವೆ. ಯಾರಿಗೆ ಎಷ್ಟು ಕುಡಿಸಿದರೂ ಒಂದು ಓಟು ಅತ್ತಿತ್ತ ಆಗುವಂತಿಲ್ಲ. ಲಂಚ ತಡೆಯುವುದೇ ಉದ್ದೇಶವೆಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ. ಉಳಿಯುವುದು ಜನ ಗುಂಪುಗೂಡಿದರೆ ಕುಡಿದು ಗಲಾಟೆ ಮಾಡುತ್ತಾರೆಂಬ ಸಾರಾಸಗಟು ಅನುಮಾನ ಮಾತ್ರ. 2024ರ ಫೆಬ್ರುವರಿಯಲ್ಲಿ ಬೆಂಗಳೂರು ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಉಪಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿದ್ದವರು ಇಪ್ಪತ್ತು ಸಾವಿರಕ್ಕೂ ಕಡಿಮೆ, ಎಲ್ಲರೂ ಮೇಷ್ಟ್ರುಗಳು. ಅದಕ್ಕಾಗಿ ಕೋಟಿ ಜನಸಂಖ್ಯೆಯ ನಗರದಲ್ಲಿ ಮದ್ಯ ಬಂದ್ ಮಾಡುವ ಆದೇಶ ಹೊರಟು, ಹೋಟೆಲಿನವರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇನ್ನೊಂದು ತಮಾಷೆಯೂ ಇದೆ. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿದಂದಿನಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರಿ ಸರ್ಕಾರವೇ. ವರ್ಷವಿಡೀ ತಾನೇ ಸರಬರಾಜು ಮಾಡುವ ಸರಕು ಮತದಾನಕ್ಕೆ ಎರಡು ದಿನ ಮುಂಚೆ ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ಅದಕ್ಕೆ ಹೊಳೆಯುತ್ತದೆ.

ನಗದಿನ ಕತೆಯೂ ಇದೇ ದಾರಿಯಲ್ಲಿ ಸಾಗಿದೆ. ಚುನಾವಣಾ ಆಯೋಗದ ಕಾರ್ಯವಿಧಾನವನ್ನು ಓದಿದರೆ, 50,000 ರೂಪಾಯಿಯ ಮಿತಿ ಇರುವುದು ಅಭ್ಯರ್ಥಿ, ಅವನ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ವಾಹನಕ್ಕೆ, ಇಲ್ಲವೇ ಪ್ರಚಾರ ಸಾಮಗ್ರಿ ಸಾಗಿಸುವ ವಾಹನಕ್ಕೆ. ಚೆಕ್‌ಪೋಸ್ಟಿನಲ್ಲಿ ಅದು ಎಲ್ಲರ ಮಿತಿಯಾಗಿ ಬಿಡುತ್ತದೆ. ಅಡಿಕೆ ಮಾರಿ ಬಂದವನು, ಗೂಡಿನ ಮಾರುಕಟ್ಟೆಯಿಂದ ಹೊರಟವನು, ಮಗಳ ಮದುವೆಗೆ ಒಡವೆ ತರಲು ಹೊರಟವನು ರಶೀದಿ ತೋರಿಸಿ ತನ್ನ ದುಡ್ಡು ತನ್ನದೆಂದು ಸಾಬೀತು ಮಾಡಬೇಕು. ನಮ್ಮಲ್ಲಿ ಚುನಾವಣೆ ಬರುವುದೂ ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ, ಮದುವೆಗಳ ಕಾಲದಲ್ಲಿ. ಇದರಿಂದ ಜನರಿಗಾಗುವ ತೊಂದರೆ ಆಯೋಗಕ್ಕೂ ಗೊತ್ತು. ಹಾಗಾಗಿಯೇ 2015ರಲ್ಲಿ ಜಿಲ್ಲೆಗೊಂದು ಮೂವರು ಅಧಿಕಾರಿಗಳ ಸಮಿತಿ ರಚಿಸಿ, ದೂರು ದಾಖಲಾಗದ ಹಣವನ್ನು ಬೇಗ ಹಿಂದಿರುಗಿಸಬೇಕು, ಮತದಾನ ಮುಗಿದು ಏಳು ದಿನದ ಮೇಲೆ ಖಜಾನೆಯಲ್ಲಿ ಇಟ್ಟುಕೊಳ್ಳಬಾರದು ಎಂದಿತು. ತಪ್ಪು ಮಾಡದವನ ಹಣ ವಾಪಸು ಕೊಡಲು ಸಮಿತಿಯೇ ಬೇಕಾಯಿತೆಂದರೆ ತಪ್ಪು ಮಾಡದವರು ಎಷ್ಟು ಮಂದಿ ಸಿಕ್ಕಿಬೀಳುತ್ತಿರಬೇಕು ಎಂದು ಊಹಿಸಬಹುದು.

ವಶಪಡಿಸಿಕೊಂಡ ಮೊತ್ತವನ್ನೇ ಯಶಸ್ಸಿನ ಪುರಾವೆಯಾಗಿ ತೋರಿಸುವವರಿದ್ದಾರೆ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಸುಮಾರು 84 ಕೋಟಿ ರೂಪಾಯಿ ಮೌಲ್ಯದ ನಗದು, ಮದ್ಯ, ಉಡುಗೊರೆಗಳು ಸಿಕ್ಕಿದ್ದವು. 2023ರಲ್ಲಿ ಅದು ಸುಮಾರು 375 ಕೋಟಿಗೇರಿತು. ಬಲೆ ಬಿಗಿಯಾಯಿತೆಂದು ಇದನ್ನು ಓದಬಹುದು, ಮೀನು ಹೆಚ್ಚಾಯಿತೆಂದೂ ಓದಬಹುದು. ಇಷ್ಟಂತೂ ಖಚಿತ: ಐದು ವರ್ಷಗಳ ತಪಾಸಣೆ, ಷಟರು ಇಳಿಸುವಿಕೆಗಳಿಗೆ ಹಂಚುವವರು ಹೆದರಿದ್ದರೆ ಮೊತ್ತ ಇಳಿಯಬೇಕಿತ್ತು. ಹಂಚುವವನಿಗೆ ಅಂಗಡಿ ಯಾವ ದಿನ, ಎಷ್ಟು ಗಂಟೆಗೆ ಮುಚ್ಚುತ್ತದೆಂಬುದು ತಿಂಗಳ ಮೊದಲೇ ಗೊತ್ತಿರುತ್ತದೆ. ಅವನು ಪೆಟ್ಟಿಗೆಗಟ್ಟಲೆ ತಂದು ತೋಟದ ಮನೆಯಲ್ಲಿ ದಾಸ್ತಾನು ಮಾಡಿರುತ್ತಾನೆ. ಅಂಗಡಿ ಮುಚ್ಚಿದ ಆ ಎರಡು ದಿನ ಊರಿನಲ್ಲಿ ಮದ್ಯ ಸಿಗುವ ಏಕೈಕ ಜಾಗ ಅವನದೇ ಆಗಿಬಿಟ್ಟರೆ ನಿಷೇಧ ಅವನ ಬಾಟಲಿಯ ಬೆಲೆಯನ್ನು ಏರಿಸಿದಂತಾಯಿತೇ ಹೊರತು ಇಳಿಸಿದಂತಾಗಲಿಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಹಗುರವಾದದ್ದು ‘ಎರಡು ದಿನ ತಾನೇ, ಕುಡಿಯದಿದ್ದರೆ ಗಂಟೇನು ಹೋಗುತ್ತದೆ’ ಎಂಬುದು. ಗಂಟು ಹೋಗುವುದು ಬಾರಿನ ಸಪ್ಲೈಯರನಿಗೆ, ದಿನಗೂಲಿಯ ಅಡುಗೆಯವನಿಗೆ. ಅದನ್ನು ಬಿಟ್ಟರೂ, ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವವನು ಕಾರಣ ಕೊಡಬೇಕೇ ಹೊರತು ಅದು ಯಾಕೆ ಬೇಕೆಂದು ಕಳೆದುಕೊಳ್ಳುವವನು ವಿವರಿಸಬೇಕಾಗಿಲ್ಲ. ತೂಕದ ಆಕ್ಷೇಪಣೆ ಬರುವುದು ಹೆಣ್ಣುಮಕ್ಕಳಿಂದ. ಚುನಾವಣೆಯ ವಾರದಲ್ಲಿ ಪುಕ್ಕಟೆ ಹೆಂಡ ಹರಿದರೆ ಹೊಡೆತ ತಿನ್ನುವವರು ಅವರು. 1992ರಲ್ಲಿ ನೆಲ್ಲೂರು ಜಿಲ್ಲೆಯ ಹೆಂಗಸರು ಸಾರಾಯಿ ಹರಾಜಿನ ವಿರುದ್ಧ ಎದ್ದು ನಿಂತದ್ದು, 2007ರಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಸಂವಿಧಾನದ 47ನೇ ವಿಧಿಯೂ ಪಾನನಿರೋಧದ ಪರವಿದೆ. ಪರ್ಮಿಟ್-ಲೈಸೆನ್ಸ್ ರಾಜ್ಯಭಾರವನ್ನು ಎದುರಿಸಲು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿಯವರೇ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರು. ವ್ಯಕ್ತಿಸ್ವಾತಂತ್ರ್ಯದ ಪಕ್ಷಪಾತಿಗಳು ಈ ಪ್ರಶ್ನೆಯಲ್ಲಿ ಒಂದೇ ದನಿಯಲ್ಲಿಲ್ಲ. ಆದರೆ ಈ ವಾದ ನಿಜವಾದರೆ ಅದು ವರ್ಷದ 365 ದಿನಕ್ಕೂ ನಿಜ. ರಾಜಾಜಿ ಅದನ್ನು ಹಾಗೆಯೇ ಮಂಡಿಸಿದರು, ಖಜಾನೆಗಾಗುವ ನಷ್ಟ ತುಂಬಲು ಮಾರಾಟ ತೆರಿಗೆ ಹಾಕುವ ಧೈರ್ಯವನ್ನೂ ತೋರಿದರು. ಅಬಕಾರಿ ಆದಾಯ ಒಂದು ಪೈಸೆಯೂ ಕಡಿಮೆಯಾಗಬಾರದು, ಆದರೆ ಮತದಾನದ ದಿನ ಮಾತ್ರ ಪರಿಶುದ್ಧರಾಗಿ ಕಾಣಬೇಕು ಎನ್ನುವವರು ಅವರ ಹೆಸರು ಹೇಳುವಂತಿಲ್ಲ. ಹೆಂಡತಿಗೆ ಹೊಡೆದವನನ್ನು ಹೊಡೆದದ್ದಕ್ಕಾಗಿ ಹಿಡಿಯಲಿ. ಅವನಿಗೆ ಪುಕ್ಕಟೆ ಕುಡಿಸಿದವನನ್ನು ಕುಡಿಸಿದ್ದಕ್ಕಾಗಿ ಹಿಡಿಯಲಿ.

ಅಭ್ಯರ್ಥಿಗೆ ಅನರ್ಹತೆಯ ಭಯ ಇದ್ದೇ ಇದೆಯಲ್ಲ ಎಂದೂ ಕೇಳಬಹುದು. ಕಾಗದದ ಮೇಲೆ ಇದೆ. ಚುನಾವಣಾ ಲಂಚದಲ್ಲಿ ದೋಷಿಯೆಂದಾದರೆ, ದಂಡ ಮಾತ್ರ ವಿಧಿಸಿದರೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಆದರೆ ಬಾಟಲಿ ಹಂಚುವವನು ಅಭ್ಯರ್ಥಿಯಲ್ಲ, ಬೂತಿನ ಕಾರ್ಯಕರ್ತ. ಅವನಿಗೆ ಸ್ಪರ್ಧಿಸುವ ಯೋಚನೆಯೇ ಇರುವುದಿಲ್ಲ. ಜೊತೆಗೆ ಈ ಲಂಚ ಪೊಲೀಸರು ತಾವಾಗಿ ಕೈಹಾಕಬಹುದಾದ ಅಪರಾಧವೂ ಅಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಚುನಾವಣಾ ತಕರಾರು ಅರ್ಜಿ ಹಾಕುವವನಿಗೆ ಫಲಿತಾಂಶದಿಂದ 45 ದಿನ ಮಾತ್ರ ಕಾಲಾವಕಾಶ. ಅಷ್ಟರಲ್ಲಿ ಯಾರು, ಯಾರಿಗೆ, ಯಾರ ಒಪ್ಪಿಗೆಯಿಂದ ಕುಡಿಸಿದರೆಂದು ಪುರಾವೆ ಕೂಡಿಸುವುದು ಸೋತವನಿಗೆ ಸುಲಭವಲ್ಲ.

ಈ ಎಲ್ಲದರ ಅಡಿಯಲ್ಲಿರುವುದು ಮತದಾರನ ಮೇಲಿನ ಅಪನಂಬಿಕೆ. ಒಂದು ಕ್ವಾರ್ಟರಿಗೆ ತನ್ನನ್ನು ಮಾರಿಕೊಳ್ಳುವವನು ಎಂದು ಅವನನ್ನು ಮೊದಲೇ ತೀರ್ಮಾನಿಸಿ ಅಂಗಡಿ ಮುಚ್ಚುತ್ತಾರೆ. ಆದರೆ ನಮ್ಮ ಗಣರಾಜ್ಯ ಶುರುವಾದದ್ದು ಇದಕ್ಕೆ ವಿರುದ್ಧವಾದ ನಂಬಿಕೆಯಿಂದ. 1951-52ರಲ್ಲಿ ಓದು ಬರದ ಕೋಟ್ಯಂತರ ಜನ ಮರೆಯೊಳಗೆ ಹೋಗಿ, ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿಟ್ಟ ಉಕ್ಕಿನ ಪೆಟ್ಟಿಗೆಗಳಲ್ಲಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರು. ಯಾರ ಊಟ ಉಂಡರೂ ಯಾರ ಪೆಟ್ಟಿಗೆಗೆ ಹಾಕಿದರೆಂದು ಉಣಿಸಿದವನಿಗೆ ತಿಳಿಯಬಾರದು ಎಂಬುದೇ ಆ ಮರೆಯ ಉದ್ದೇಶ. ನಮ್ಮ ಹಳ್ಳಿಗಳಲ್ಲಿ ಮೂರು ಪಕ್ಷದ ಸೀರೆ ತೆಗೆದುಕೊಂಡು ತಮ್ಮ ಮನಸ್ಸಿಗೆ ಬಂದವರಿಗೆ ಓಟು ಹಾಕುವ ಹೆಣ್ಣುಮಕ್ಕಳು ಆ ಉದ್ದೇಶವನ್ನು ಚುನಾವಣಾ ತಜ್ಞರಿಗಿಂತ ಚೆನ್ನಾಗಿ ಅರಿತವರು. ಆಳುವ ಪಕ್ಷಗಳು ಎಷ್ಟು ಹಂಚಿದರೂ ಕರ್ನಾಟಕದಲ್ಲಿ 1985ರಿಂದೀಚೆಗೆ ಯಾವ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಸ್ವಂತ ಬಲದಿಂದ ಅಧಿಕಾರ ಉಳಿಸಿಕೊಂಡಿಲ್ಲ. ವ್ಯಕ್ತಿಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಪುಸ್ತಕ ಬರೆದ ಜಾನ್ ಸ್ಟುವರ್ಟ್ ಮಿಲ್ ಪಾನನಿಷೇಧದ ಕಾನೂನುಗಳನ್ನು ಅದರಲ್ಲೇ ವಿರೋಧಿಸಿದ್ದ. 1865ರಲ್ಲಿ ವೆಸ್ಟ್‌ಮಿನ್‌ಸ್ಟರಿನಿಂದ ಸಂಸತ್ತಿಗೆ ನಿಂತಾಗ ಚುನಾವಣೆಗೆ ತಾನು ಕೈಯಿಂದ ದುಡ್ಡು ಹಾಕುವುದಿಲ್ಲವೆಂದು ಹೇಳಿ ಗೆದ್ದ. ನಿರ್ಬಂಧ ಹಾಕಿಕೊಳ್ಳಬೇಕಾದವನು ಅಭ್ಯರ್ಥಿ ಎಂಬ ತಿಳಿವಳಿಕೆ ಅವನದು.

ಅದನ್ನು ನಮ್ಮ ಕಾನೂನಿಗೆ ಇಳಿಸಲು ದೊಡ್ಡ ಸಂಶೋಧನೆ ಬೇಕಿಲ್ಲ. ಪಕ್ಷಗಳ ಖರ್ಚಿಗೆ ಮಿತಿ ಹಾಕಬೇಕು, ಊಟ-ಕುಡಿತದ ಲಂಚಕ್ಕಿರುವ ರಿಯಾಯಿತಿ ತೆಗೆಯಬೇಕು, 135ಸಿಯನ್ನು ಓಟಿಗಾಗಿ ಹಂಚುವವರಿಗಷ್ಟೇ ಸೀಮಿತಗೊಳಿಸಬೇಕು. ಸಂಸತ್ತಿಗೆ ಇದಕ್ಕೆ ಅವಕಾಶ ಸಿಕ್ಕಿರಲಿಲ್ಲವೆಂದೂ ಹೇಳುವಂತಿಲ್ಲ. 2023ರಲ್ಲಿ ಅದು ಇಡೀ ದಂಡ ಸಂಹಿತೆಯನ್ನೇ ಬದಲಿಸಿ, ವಸಾಹತುಶಾಹಿಯ ಗುರುತು ಅಳಿಸಿದೆವೆಂದು ಹೇಳಿಕೊಂಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 173ರಲ್ಲಿ, 1920ರ ಬ್ರಿಟಿಷ್ ಸರ್ಕಾರ ಬರೆದಿದ್ದಂತೆಯೇ, ಉಣಿಸಿ ಕುಡಿಸಿ ಓಟು ಕೊಳ್ಳುವವನಿಗೆ ಶಿಕ್ಷೆ ದಂಡ ಮಾತ್ರ.